ಚಲಿಸುವ ಮನೆಯ ಒಳಚೌಕಟ್ಟು

ಕಿರುತೆರೆಯ ಮೇಲೆ ಚೌಕಟ್ಟನ್ನು ಕೈಯಲ್ಲಿ ಹಿಡಿದು ತೋರಿಸುವುದು ಸುಲಭ. ಆದರೆ ಅಳತೆ, ತೂಕ ಮತ್ತು ಕಾರಣಗಳನ್ನು ನಿಧಾನವಾಗಿ ಹೇಳಲು ಅಲ್ಲಿ ಸಮಯ ಸಾಲುವುದಿಲ್ಲ. ಅದನ್ನು ಈ ಪುಟಗಳಲ್ಲಿ ಹೇಳುತ್ತೇನೆ.

ಬಸವೇಶ್ವರನಗರದಲ್ಲಿ ಮೂವತ್ತು ವರ್ಷಗಳಿಂದ ಮರಗೆಲಸ ಮಾಡಿಕೊಂಡು ಬಂದವನು ನಾನು. ಬಾಗಿಲು, ಕಪಾಟು, ಅಡುಗೆಮನೆಯ ಕಟ್ಟೆ, ದೇವರ ಮಂಟಪ, ಇವೇ ನನ್ನ ಕೆಲಸ. ನಾಲ್ಕು ವರ್ಷಗಳ ಹಿಂದೆ ನಮ್ಮ ಭಾವ ಒಂದು ಹಳೆಯ ವ್ಯಾನು ಕೊಂಡು ತಂದರು. ದಾಖಲೆಯಲ್ಲಿ ಮೊದಲಿನಿಂದಲೂ ಕ್ಯಾರವಾನ್ ಎಂದೇ ನಮೂದಾಗಿದ್ದ ವಾಹನ. ಒಳಗಿನ ಮರವೆಲ್ಲ ನೀರು ಕುಡಿದು ಕೊಳೆತಿತ್ತು. ನಮ್ಮ ತಾಯಿಗೆ ಎಪ್ಪತ್ತೆಂಟು ವರ್ಷ, ಎರಡೂ ಮಂಡಿ ಸವೆದಿವೆ. ರಾತ್ರಿ ಬಸ್ಸಿನಲ್ಲಿ ಕೂರಲಾರರು, ದಾರಿಬದಿಯ ಶೌಚಾಲಯದ ಮೆಟ್ಟಿಲು ಹತ್ತಲಾರರು. ಆದರೆ ಧರ್ಮಸ್ಥಳ, ಕೊಲ್ಲೂರು ನೋಡಬೇಕೆಂಬ ಆಸೆ ಮಾತ್ರ ಸವೆದಿರಲಿಲ್ಲ. ‘ಒಳಗೆಲ್ಲ ಹೊಸದಾಗಿ ನೀನೇ ಕಟ್ಟಿಕೊಡು’ ಎಂದರು ಭಾವ. ಮನೆಗೆ ಕಟ್ಟುವಂತೆಯೇ ಕಟ್ಟಿದೆ. ತಪ್ಪಾದದ್ದು ಅಲ್ಲಿಯೇ.

ಚಾರ್ಮಾಡಿ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಭಾವ ಬ್ರೇಕು ಒತ್ತಿದರು. ಹಾಸಿಗೆಯ ಮೇಲ್ಗಡೆ ನಾನು ಕೂರಿಸಿದ್ದ ತಲೆಮಟ್ಟದ ಕಪಾಟು, ಒಳಗಿದ್ದ ಕುಕ್ಕರು, ಹಿತ್ತಾಳೆ ಪಾತ್ರೆಗಳ ಸಮೇತ, ಗೋಡೆ ಬಿಟ್ಟು ಕೆಳಗೆ ಬಿತ್ತು. ನೇರ ದಿಂಬಿನ ಮೇಲೆ. ಹತ್ತು ನಿಮಿಷದ ಹಿಂದಿನವರೆಗೂ ಅಮ್ಮ ಆ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದರು. ಕೊಟ್ಟಿಗೆಹಾರ ದಾಟಿದ ಮೇಲೆ ಕಣಿವೆಯ ಮಂಜು ನೋಡಬೇಕೆಂದು ಮುಂದಿನ ಸೀಟಿಗೆ ಬಂದು ಕುಳಿತಿದ್ದರು, ಅಷ್ಟೆ. ಓಡುವ ಗಾಡಿಯಲ್ಲಿ ಅವರನ್ನು ಮಲಗಿಸಿದ್ದೂ ನಮ್ಮ ತಪ್ಪೇ, ಅದಕ್ಕೆ ಆಮೇಲೆ ಬರುತ್ತೇನೆ. ಗಾಡಿ ನಿಲ್ಲಿಸಿ ನೋಡಿದರೆ, ಆರು ಮಿಲಿಮೀಟರು ದಪ್ಪದ ಒಳಹಲಗೆಗೆ ನಾನು ಬಿಗಿದಿದ್ದ ಸ್ಕ್ರೂಗಳು ಹಲಗೆಯ ಪುಡಿಯನ್ನು ಕಚ್ಚಿಕೊಂಡೇ ಹೊರಬಂದಿದ್ದವು.

ಮನೆಯಲ್ಲಿ ಕಪಾಟಿನ ಭಾರ ಕೆಳಮುಖವಾಗಿ ಮಾತ್ರ ಇಳಿಯುತ್ತದೆ. ಗೋಡೆ ಒಂಬತ್ತು ಅಂಗುಲ, ಅಲುಗುವುದಿಲ್ಲ. ವಾಹನದಲ್ಲಿ ಭಾರ ಆರು ದಿಕ್ಕಿಗೂ ಹೋಗುತ್ತದೆ. ಗುಂಡಿಯಲ್ಲಿ ಮೇಲಕ್ಕೆ, ತಿರುವಿನಲ್ಲಿ ಪಕ್ಕಕ್ಕೆ, ಬ್ರೇಕಿನಲ್ಲಿ ಮುಂದಕ್ಕೆ. ಇಪ್ಪತ್ತು ಲೀಟರು ನೀರಿನ ಕ್ಯಾನು ಇಪ್ಪತ್ತು ಕಿಲೋ. ಒಣ ಟಾರು ರಸ್ತೆಯಲ್ಲಿ ಜೋರಾಗಿ ಬ್ರೇಕು ಒತ್ತಿದರೆ ಅದು ಹದಿನೈದು ಕಿಲೋ ಭಾರದಷ್ಟು ಬಲದಿಂದ ಮುಂದಕ್ಕೆ ನೂಕುತ್ತದೆ. ಎದುರುಬದುರು ಡಿಕ್ಕಿಯಲ್ಲಿ ಈ ನೂಕು ವಸ್ತುವಿನ ತೂಕದ ಇಪ್ಪತ್ತು ಪಟ್ಟು ಮುಟ್ಟುವುದುಂಟು. ಆಗ ಅದೇ ಕ್ಯಾನು ನಾನೂರು ಕಿಲೋದ ಗುಂಡು. ಒಳಚೌಕಟ್ಟು ಎಂದರೆ ಅಲಂಕಾರದ ಹಲಗೆಗೆ ಆಧಾರ ಎಂದು ನಾನು ತಿಳಿದಿದ್ದೆ. ಈ ನೂಕನ್ನು ಗಾಡಿಯ ಎಲುಬಿಗೆ ತಲುಪಿಸುವುದು ಅದರ ನಿಜವಾದ ಕೆಲಸ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಕಮಾನು ಗಾಡಿಯನ್ನು ನೋಡಿದವರು ನೆನಪಿಸಿಕೊಳ್ಳಿ. ಬಿದಿರಿನ ದಬ್ಬೆಗಳನ್ನು ಬಗ್ಗಿಸಿ, ಎರಡೂ ತುದಿಯನ್ನು ಗಾಡಿಯ ಮರಕ್ಕೇ ಸಿಕ್ಕಿಸಿ, ಅಡ್ಡಪಟ್ಟಿಗಳನ್ನು ಹಗ್ಗದಿಂದ ಬಿಗಿಯುತ್ತಿದ್ದರು. ಚಕ್ರ ಹಳ್ಳಕ್ಕೆ ಇಳಿದಾಗ ಕಮಾನು ಕಿರುಗುಟ್ಟುತ್ತಿತ್ತು, ಕಳಚಿ ಬೀಳುತ್ತಿರಲಿಲ್ಲ. ಇದೇ ತತ್ವವನ್ನು ಉಕ್ಕಿನಲ್ಲಿ ನೋಡಬೇಕಾದರೆ ದೂರ ಹೋಗಬೇಕಿಲ್ಲ. ನಮ್ಮ ಪಶ್ಚಿಮ ಬೆಂಗಳೂರಿನ ಕೆಂಗೇರಿಯಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮದ ಪ್ರಾದೇಶಿಕ ಕಾರ್ಯಾಗಾರವಿದೆ. ಬರಿಯ ಚಾಸಿಸ್ಸಿಗೆ ಬಸ್ಸಿನ ಮೈ ಕಟ್ಟುವ ಕೆಲಸ ಅಲ್ಲಿ ನಡೆದುಬಂದಿದೆ. ಮೊದಲು ತಳದ ಅಡ್ಡತೊಲೆ, ಅದರ ಮೇಲೆ ಕಂಬ, ಕಂಬದಿಂದ ಕಂಬಕ್ಕೆ ಛಾವಣಿಯ ಕಮಾನು. ತಗಡು ಬರುವುದು ಆಮೇಲೆ. ಆಸನವೂ ಸಾಮಾನಿನ ಜಂತಿಯೂ ಬಿಗಿಯುವುದು ಈ ಎಲುಬಿಗೆ, ತಗಡಿಗಲ್ಲ. ದಿನವೂ ಬಿಎಂಟಿಸಿ ಬಸ್ಸಿನಲ್ಲಿ ಹಾವನೂರು ವೃತ್ತದ ಮೂಲಕ ಓಡಾಡುತ್ತಿದ್ದ ನಾನು ಒಮ್ಮೆಯಾದರೂ ತಲೆಯೆತ್ತಿ ಆ ಬೋಲ್ಟುಗಳನ್ನು ನೋಡಿರಲಿಲ್ಲ!

ಕೆಲಸಕ್ಕೆ ಕೈಹಾಕುವ ಮೊದಲು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ನೋಂದಣಿ ಪತ್ರಕ್ಕೂ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತವಾಗಿ ಹೇಳಿತು. ಕ್ಯಾರವಾನುಗಳಿಗೆ ಪ್ರತ್ಯೇಕ ಮಾನಕವೇ ಇದೆ, ಎಐಎಸ್ 124. ಆದ್ದರಿಂದ ಪ್ರವಾಸಿ ವ್ಯಾನಿನ ಹತ್ತು ಸೀಟು ಕಿತ್ತು ಮಂಚ ಹಾಕಿದರಾಯಿತು ಎಂದು ಹೊರಡಬೇಡಿ. ಸೀಟಿನ ಸಂಖ್ಯೆಯೂ ದಾಖಲೆಗೆ ಸೇರಿದ್ದು. ನಕ್ಷೆ ಬರೆದು ನಿಮ್ಮ ಪ್ರಾದೇಶಿಕ ಸಾರಿಗೆ ಕಚೇರಿಗೆ ಹೋಗಿ, ಲಿಖಿತ ಉತ್ತರ ಪಡೆದು ನಂತರ ಗರಗಸ ಹಿಡಿಯಿರಿ. ನಮ್ಮ ಬಡಾವಣೆಯವರಿಗೆ ಅದು ರಾಜಾಜಿನಗರದ ಕಚೇರಿ.

ಈಗ ಒಳಗೆ ಬನ್ನಿ. ಹಳೆಯ ಒಳಹೊದಿಕೆ ಪೂರ್ತಿ ಬಿಚ್ಚಿ. ಹೊರತಗಡಿನ ಹಿಂದೆ ಮಡಚಿದ ತಗಡಿನ ಪಕ್ಕೆಲುಬುಗಳು ಕಾಣುತ್ತವೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಹಲಗೆ ಮುಚ್ಚಿದ ಮೇಲೆ ಅದೊಂದೇ ಸಾಕ್ಷಿ. ಎರಡು ಪಕ್ಕೆಲುಬುಗಳ ನಡುವಿನ ತಗಡು ಒಂದು ಮಿಲಿಮೀಟರಿಗೂ ಕಡಿಮೆ ದಪ್ಪ, ಅದಕ್ಕೆ ಏನನ್ನೂ ಬಿಗಿಯಬೇಡಿ. ಪಕ್ಕೆಲುಬಿಗೆ ರಂಧ್ರ ಕೊರೆದು ರಿವೆಟ್ ನಟ್ಟು ಕೂರಿಸಿ, ಆರು ಮಿಲಿಮೀಟರಿನ ಬೋಲ್ಟು ಹಾಕಿ. ರಂಧ್ರದ ಅಂಚಿಗೆ ತುಕ್ಕು ತಡೆಯುವ ಬಣ್ಣ ಬಳಿಯುವುದು ಬೇಸರದ ಕೆಲಸ, ಆದರೆ ಬಿಟ್ಟರೆ ಎರಡು ಮಳೆಗಾಲದಲ್ಲಿ ಅಲ್ಲಿಂದಲೇ ತುಕ್ಕು ಶುರು. ನೆಲಕ್ಕೆ ಕೊರೆಯುವ ಮೊದಲು ಗಾಡಿಯ ಕೆಳಗೆ ಮಲಗಿ ನೋಡಲೇಬೇಕು. ಡೀಸೆಲ್ ಟ್ಯಾಂಕು, ಬ್ರೇಕಿನ ಕೊಳವೆ, ತಂತಿಗಳು ಅಲ್ಲಿಯೇ ಇರುತ್ತವೆ. ನೆಲದ ಬೋಲ್ಟಿಗೆ ಅಡಿಯಿಂದ ಅಂಗೈಯಗಲದ ಉಕ್ಕಿನ ಪಟ್ಟಿ ಕೊಟ್ಟರೆ ತಗಡು ಹರಿಯುವುದಿಲ್ಲ.

ಯಾವ ವಸ್ತುವಿನ ಚೌಕಟ್ಟು? ಎಲ್ಲರೂ ಕೇಳುವ ಪ್ರಶ್ನೆ ಇದು. ಮರ ಹಗುರ, ಉಕ್ಕು ಭಾರ ಎಂಬ ನಂಬಿಕೆ ನನಗೂ ಇತ್ತು. ತೂಗಿ ನೋಡಿದೆ. 50 ಮತ್ತು 25 ಮಿಲಿಮೀಟರಿನ ತೇಗದ ರೀಪು ಮೀಟರಿಗೆ ಸುಮಾರು 800 ಗ್ರಾಂ. 25 ಮಿಲಿಮೀಟರು ಚೌಕದ, 1.2 ಮಿಲಿಮೀಟರು ದಪ್ಪದ ಉಕ್ಕಿನ ಕೊಳವೆ ಸುಮಾರು 900 ಗ್ರಾಂ. ವ್ಯತ್ಯಾಸ ಅಷ್ಟೇ! ಅದೇ ಅಳತೆಯ ಅಲ್ಯೂಮಿನಿಯಂ ಸುಮಾರು 300 ಗ್ರಾಂ. ಹಾಗೆಂದು ಎಲ್ಲವನ್ನೂ ಅಲ್ಯೂಮಿನಿಯಂನಲ್ಲಿ ಮಾಡಿ ಎಂದು ಹೇಳಲಾರೆ. ಬೆಸುಗೆ ಹಾಕಿದಲ್ಲಿ ಅದು ದುರ್ಬಲವಾಗುತ್ತದೆ, ಮೂಲೆಪಟ್ಟಿ ಮತ್ತು ರಿವೆಟ್ಟಿನಿಂದಲೇ ಕೂಡಿಸಬೇಕು. ಉಕ್ಕನ್ನು ಮುಟ್ಟುವಲ್ಲಿ ನಡುವೆ ರಬ್ಬರು ಕೊಡದಿದ್ದರೆ ತೇವದಲ್ಲಿ ಸವೆಯುತ್ತದೆ. ಮಂಚದ ಕಾಲಿಗೆ, ನೀರಿನ ಟ್ಯಾಂಕಿನ ಪಂಜರಕ್ಕೆ ಉಕ್ಕು. ತಲೆಮಟ್ಟದ ಕಪಾಟಿಗೆ ಅಲ್ಯೂಮಿನಿಯಂ. ಗೋಡೆಯ ಹಲಗೆ ಕೂರುವ ಪಟ್ಟಿಗೆ ಒಣಗಿದ ಮರ. ಎರಡನೆಯ ಬಾರಿ ನಾನು ಮಾಡಿದ್ದು ಹೀಗೆ.

ನಿಜವಾದ ಭಾರ ಬರುವುದು ಹಲಗೆಯಿಂದ. ಎಂಟು ಅಡಿ ನಾಲ್ಕು ಅಡಿಯ, 18 ಮಿಲಿಮೀಟರಿನ ಪ್ಲೈವುಡ್ ಹಾಳೆ ಸುಮಾರು 35 ಕಿಲೋ. ಮೊದಲ ಬಾರಿ ನಾನು ಒಂಬತ್ತು ಹಾಳೆ ತುಂಬಿದ್ದೆ. ಬರಿಯ ಹಲಗೆಯೇ ಮುನ್ನೂರು ಕಿಲೋ ದಾಟಿತ್ತು, ಎಂದರೆ ನಾಲ್ಕೈದು ಜನ ಯಾವಾಗಲೂ ಗಾಡಿಯಲ್ಲಿ ಕುಳಿತಂತೆ. ಒಳ್ಳೆಯ ಚೌಕಟ್ಟಿದ್ದರೆ ಒಂಬತ್ತು ಮಿಲಿಮೀಟರಿನ ಹಾಳೆ ಸಾಕು, ಭಾರ ಅರ್ಧಕ್ಕೆ ಇಳಿಯುತ್ತದೆ. ನೀರು ತಾಗುವ ಕಡೆ ಭಾರತೀಯ ಮಾನಕ 710ರ ಗುರುತಿರುವ ಪ್ಲೈವುಡ್ಡೇ ಇರಲಿ. ಕೆಲಸ ಮುಗಿದ ಮೇಲೆ ತೂಕದ ಕಟ್ಟೆಗೆ ಹೋಗಿ, ನೀರು ತುಂಬಿಸಿ, ಜನ ಕೂರಿಸಿ ತೂಗಿಸಿ. ದಾಖಲೆಯಲ್ಲಿನ ಒಟ್ಟು ತೂಕದ ಮಿತಿಯನ್ನು ದಾಟಿದರೆ ಎಷ್ಟೇ ಚಂದದ ಕಪಾಟಾದರೂ ಒಂದನ್ನು ಬಿಚ್ಚಲೇಬೇಕು.

ಇಲ್ಲಿ ಮನೆ ಬಡಗಿಯ ಕೈ ತಪ್ಪುವ ಇನ್ನೊಂದು ಜಾಗವಿದೆ. ನಾನು ರಸಮಟ್ಟ ಹಿಡಿದು ಕಪಾಟು ಕೂರಿಸಿದ್ದೆ. ನಮ್ಮ ಬೀದಿಯೇ ಇಳಿಜಾರು! ಕಾಮಾಕ್ಷಿಪಾಳ್ಯದ ಮಟ್ಟಸ ಅಂಗಳಕ್ಕೆ ಗಾಡಿ ಹೋದಾಗ ಕಪಾಟುಗಳೆಲ್ಲ ಒಂದೇ ಕಡೆಗೆ ವಾಲಿದ್ದವು. ವಾಹನದಲ್ಲಿ ರಸಮಟ್ಟವೂ ತೂಗುಗುಂಡೂ ಪ್ರಯೋಜನವಿಲ್ಲ. ಗಾಡಿಯ ನೆಲವೇ ಮಟ್ಟ. ನೆಲದ ನಡುವೆ ಮುಂದಿನಿಂದ ಹಿಂದಕ್ಕೆ ಒಂದು ದಾರ ಎಳೆದು, ಎಲ್ಲ ಅಳತೆಯನ್ನೂ ಅದರಿಂದ ಮತ್ತು ನೆಲದಿಂದ ತೆಗೆಯಿರಿ. ಗೋಡೆ ಎಲ್ಲಿಯೂ ನೇರವಿಲ್ಲ, ಕಮಾನಿನಂತೆ ಬಾಗಿದೆ. ಎಡಕ್ಕೂ ಬಲಕ್ಕೂ ಕೂಡ ನೂಲಿನಷ್ಟು ವ್ಯತ್ಯಾಸವಿರುತ್ತದೆ. ರಟ್ಟಿನ ಪೆಟ್ಟಿಗೆ ಕತ್ತರಿಸಿ ಅಚ್ಚು ತೆಗೆದುಕೊಂಡು, ಅದನ್ನು ಹಲಗೆಯ ಮೇಲಿಟ್ಟು ಕೊಯ್ಯಬೇಕು. ನಾಲ್ಕು ರಟ್ಟು ಹಾಳಾದರೆ ಆಗಲಿ.

ಮೊಳೆ ಬೇಡವೇ ಬೇಡ. ಅಲುಗಾಟಕ್ಕೆ ಮೊಳೆ ತಾನಾಗಿ ಏಳುತ್ತದೆ. ಮರಕ್ಕೆ ಅಂಟು ಮತ್ತು ಸ್ಕ್ರೂ, ಲೋಹಕ್ಕೆ ಬೋಲ್ಟು ಮತ್ತು ನೈಲಾನ್ ಬಳೆಯಿರುವ ನಟ್ಟು. ಪ್ಲೈವುಡ್ಡಿನ ಅಂಚಿಗೆ ಸ್ಕ್ರೂ ಹಾಕಿ ಭಾರ ತೂಗಬೇಡಿ, ಪದರ ಸೀಳುತ್ತದೆ. ಹಲಗೆ ಲೋಹವನ್ನು ಮುಟ್ಟುವ ಕಡೆಯೆಲ್ಲ ತೆಳು ಉಣ್ಣೆಪಟ್ಟಿ ಅಂಟಿಸಿದರೆ ಕಿರುಗುಟ್ಟುವುದು ನಿಲ್ಲುತ್ತದೆ. ಎರಡೂ ಪಕ್ಕದ ಗೋಡೆಗೆ ಒಂದೇ ಉದ್ದನೆಯ ಅಡ್ಡಹಲಗೆಯನ್ನು ಬಿಗಿಯಾಗಿ ಸಿಕ್ಕಿಸುವುದೂ ಬೇಡ. ಗಾಡಿಯ ಮೈ ತಿರುವಿನಲ್ಲಿ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ, ಅದಕ್ಕೆ ಜಾಗ ಬಿಡಬೇಕು.

ತೇವದ ಬಗ್ಗೆ ಒಂದು ಮಾತು. ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರು, ಬೆವರಿನಲ್ಲಿ ಅರ್ಧ ಲೀಟರಿನ ಆಸುಪಾಸು ನೀರು ಗಾಳಿಗೆ ಸೇರುತ್ತದೆ. ಮಲೆನಾಡಿನ ಚಳಿಯಲ್ಲಿ ಅದು ತಣ್ಣನೆಯ ತಗಡಿಗೆ ತಾಗಿ ಹನಿಯಾಗಿ ಹಲಗೆಯ ಹಿಂದೆ ಇಳಿಯುತ್ತದೆ. ನಮ್ಮ ಗಾಡಿಯ ಹಳೆಯ ಮರ ಕೊಳೆತಿದ್ದು ಇದರಿಂದಲೇ. ಬಾಗಿಲ ಬುಡದಲ್ಲಿ, ಪಕ್ಕದ ಕೆಳತೊಲೆಯಲ್ಲಿ ನೀರು ಹೊರಹೋಗುವ ಸಣ್ಣ ರಂಧ್ರಗಳಿರುತ್ತವೆ. ಯಾರೋ ಅವಕ್ಕೆ ಅಂಟು ಮೆತ್ತಿದ್ದರು. ಅವನ್ನು ತೆರೆದಿಡಿ, ಛಾವಣಿಯಲ್ಲಿ ಗಾಳಿಕಿಂಡಿ ಇರಲಿ.

ಮಂಚದ ಮಾತಿಗೆ ಬರುತ್ತೇನೆಂದು ಹೇಳಿದ್ದೆ. ಜರ್ಮನಿಯ ವೆಸ್ಟ್‌ಫಾಲಿಯಾ ಕಾರ್ಖಾನೆಯವರು 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿಗೆ ಮಂಚವೂ ಕಪಾಟೂ ಆಗುವ ಒಂದು ಪೆಟ್ಟಿಗೆ ಮಾಡಿದರು; ರಜೆ ಮುಗಿದ ಮೇಲೆ ಹೊರತೆಗೆದಿಡಬಹುದಾಗಿತ್ತು. ಚತುರ ಯೋಜನೆ. ಆದರೆ ಅಂದಿಗೂ ಇಂದಿಗೂ ಮಂಚ ಮಂಚವೇ, ಆಸನವಲ್ಲ. ನೀವು ಕಟ್ಟಿದ ಚೌಕಟ್ಟಿನ ಮೇಲೆ ಗಾಡಿ ಓಡುವಾಗ ಯಾರನ್ನೂ, ವಿಶೇಷವಾಗಿ ಮಕ್ಕಳನ್ನೂ ವೃದ್ಧರನ್ನೂ, ಕೂರಿಸಬೇಡಿ, ಮಲಗಿಸಬೇಡಿ. ತಯಾರಕರೇ ಕೂರಿಸಿದ, ಬೆಲ್ಟು ಇರುವ ಸೀಟಿನಲ್ಲಿ ಮಾತ್ರ ಪ್ರಯಾಣ. ನಮ್ಮ ತಾಯಿ ಮೊದಮೊದಲು ಗೊಣಗಿದರು. ಈಗ ಒಂದೂವರೆ ಗಂಟೆಗೊಮ್ಮೆ ಗಾಡಿ ನಿಲ್ಲಿಸುತ್ತೇವೆ, ಅವರು ಅರ್ಧ ಗಂಟೆ ಕಾಲು ಚಾಚಿ ಮಲಗುತ್ತಾರೆ, ನಾವು ಕಾಫಿ ಮಾಡಿಕೊಳ್ಳುತ್ತೇವೆ. ಕೊಲ್ಲೂರಿಗೆ ಎರಡು ದಿನ ಹಿಡಿಯಿತು, ಹಿಡಿಯಲಿ.

ಹಲಗೆ ಮುಚ್ಚುವ ಮೊದಲು ಬರಿಯ ಚೌಕಟ್ಟಿನೊಂದಿಗೆ, ನೀರಿನ ಕ್ಯಾನುಗಳನ್ನು ಕಟ್ಟಿಕೊಂಡು, ಕೆಟ್ಟ ರಸ್ತೆಯಲ್ಲಿ ಐವತ್ತು ಕಿಲೋಮೀಟರು ಓಡಿಸಿ. ಹಿಂದೆ ಒಬ್ಬರು ಸೀಟಿನಲ್ಲಿ ಕುಳಿತು ಎಲ್ಲಿ ಸದ್ದು ಬರುತ್ತದೆಂದು ಕೇಳಲಿ. ಮನೆಗೆ ಬಂದು ಎಲ್ಲ ನಟ್ಟುಗಳನ್ನೂ ಬಿಗಿದು, ನಟ್ಟಿನ ಮೇಲಿಂದ ಪಟ್ಟಿಯವರೆಗೆ ಬಿಳಿ ಬಣ್ಣದಲ್ಲಿ ಒಂದೊಂದು ಗೆರೆ ಎಳೆಯಿರಿ. ಮುಂದೆ ಪ್ರತಿ ಪ್ರಯಾಣದ ಮೊದಲು ಆ ಗೆರೆಗಳನ್ನು ನೋಡಿದರೆ ಸಾಕು. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. ನಮ್ಮ ಗಾಡಿಯಲ್ಲಿ ಅಂಥ ಗೆರೆಗಳು ಅರವತ್ತೆರಡು. ಎಣಿಸಿ ನೋಡುವುದಕ್ಕೆ ಹತ್ತು ನಿಮಿಷ ಬೇಕು. ತಲೆಮಟ್ಟದ ಕಪಾಟಿನದನ್ನು ಮಾತ್ರ ನಾನು ಎರಡು ಸಲ ನೋಡುತ್ತೇನೆ.