ನಾಯಿಯ ಕೆಮ್ಮು: ಎಷ್ಟು ದಿನ ಕಾಯಬಹುದು?



ಬೇಸಾಯಶಾಸ್ತ್ರ ಕಲಿಸುವವನು ನಾಯಿಯ ಕೆಮ್ಮಿನ ವಿಷಯ ಎತ್ತಿಕೊಂಡಿದ್ದೇಕೆ ಎಂದು ತಾವು ಕೇಳಬಹುದು. ಭದ್ರಾವತಿ ಕಡೆಯ ಗದ್ದೆಯಿರಲಿ, ಶಿವಮೊಗ್ಗದ ಸುತ್ತಲಿನ ಅಡಿಕೆ ತೋಟವಿರಲಿ, ರಾತ್ರಿಯ ಕಾವಲು ನಾಯಿಯದೇ. ಹಸು ಒಂದು ಹೊತ್ತು ಮೇವು ಬಿಟ್ಟರೆ ಡಾಕ್ಟರನ್ನು ಕರೆಸುವ ನಾವು, ನಾಯಿ ತಿಂಗಳುಗಟ್ಟಲೆ ಕೆಮ್ಮಿದರೂ ಸುಮ್ಮನಿರುತ್ತೇವೆ. ಇದು ಸರಿಯಲ್ಲ.

ಎಲ್ಲ ಕೆಮ್ಮೂ ಅಪಾಯದ್ದಲ್ಲ. ಒಕ್ಕಣೆಯ ಧೂಳು, ಅಡಿಕೆ ಬೇಯಿಸುವ ಒಲೆಯ ಹೊಗೆ, ಬಿಗಿಯಾದ ಕೊರಳಪಟ್ಟಿ ಇವುಗಳಿಂದ ಬಂದ ಕೆಮ್ಮು ಕಾರಣ ತಪ್ಪಿದೊಡನೆ ನಿಲ್ಲುತ್ತದೆ. ನಾಯಿಯಿಂದ ನಾಯಿಗೆ ಗಾಳಿಯ ಮೂಲಕ ಹರಡುವ ಒಣಕೆಮ್ಮು ಇನ್ನೊಂದು. ಕೆಮ್ಮಿ ಕೆಮ್ಮಿ ಕೊನೆಗೆ ನೊರೆ ಕಕ್ಕಿದರೂ ನಾಯಿ ಚುರುಕಾಗಿದ್ದು ಊಟ ಮಾಡುತ್ತಿರುತ್ತದೆ. ಇದು ಸಾಮಾನ್ಯವಾಗಿ 1ರಿಂದ 3 ವಾರಗಳಲ್ಲಿ ವಾಸಿಯಾಗುತ್ತದೆ. ಅಂಥ ನಾಯಿಯನ್ನು ಬೇರೆ ಕಟ್ಟಿ ವಿಶ್ರಾಂತಿ ಕೊಡಿ. ಒಂದು ವಾರದಲ್ಲಿ ಇಳಿಮುಖವಾಗದಿದ್ದರೆ ಪಶುವೈದ್ಯರಿಗೆ ತೋರಿಸಿ.

ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡರೂ ವಾರ ಕಾಯದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು:

1. ಕೆಮ್ಮಿನ ಜೊತೆ ಜ್ವರ, ಕಣ್ಣು ಮೂಗುಗಳಲ್ಲಿ ಕೀವು. ಮರಿಗಳಲ್ಲಿ ಇದು ಡಿಸ್ಟೆಂಪರ್ ಇರಬಹುದು.
2. ಊಟ ಬಿಟ್ಟು ಮಂಕಾಗುವುದು, ಕಫದಲ್ಲಿ ರಕ್ತ.
3. ನಿದ್ರೆಯಲ್ಲಿರುವಾಗ ಉಸಿರು ನಿಮಿಷಕ್ಕೆ 30ಕ್ಕಿಂತ ಹೆಚ್ಚಾಗುವುದು. ಎದೆಯ ಏರಿಳಿತ ನೋಡಿ ಎಣಿಸಬಹುದು.
4. ಒಸಡು ನೀಲಿಯಾಗುವುದು ಇಲ್ಲವೇ ಬಿಳಿಚಿಕೊಳ್ಳುವುದು, ಕುಸಿದು ಬೀಳುವುದು.

ವಯಸ್ಸಾದ ನಾಯಿ ರಾತ್ರಿ ಕೆಮ್ಮುತ್ತ, ಸ್ವಲ್ಪ ಓಡಿದರೂ ದಣಿಯುತ್ತಿದ್ದರೆ ಹೃದಯದ ಪರೀಕ್ಷೆ ಅಗತ್ಯ. ಸೊಳ್ಳೆಯಿಂದ ಹರಡುವ ಹಾರ್ಟ್‌ವರ್ಮ್ ಎಂಬ ಹುಳುವೂ ಕಾರಣವಿರಬಹುದು. ಇದು ಸುಮಾರು 6 ತಿಂಗಳಲ್ಲಿ ಬಲಿತು, ಹೃದಯ ಮತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ಗೇಣುದ್ದಕ್ಕೂ ಮೀರಿ ಬೆಳೆಯುವುದುಂಟು.

ಮನೆಯವರ ಕೆಮ್ಮಿನ ಸಿರಪ್, ನೋವಿನ ಮಾತ್ರೆ ನಾಯಿಗೆ ಬೇಡ. ಪ್ಯಾರಸಿಟಮಾಲ್, ಐಬುಪ್ರೊಫೆನ್ ಅದಕ್ಕೆ ವಿಷವಾಗಬಹುದು. ದನಕ್ಕೆ ಗೊಟ್ಟದಲ್ಲಿ ಕುಡಿಸಿದಂತೆ ಬಾಯಿಗೆ ಔಷಧಿ ಸುರಿಯಲೂಬಾರದು. ಅದು ಶ್ವಾಸಕೋಶಕ್ಕಿಳಿದರೆ ಪ್ರಾಣಾಪಾಯ.

ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದಿದೆ. ನಾಯಿ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒದ್ದಾಡುತ್ತ, ನುಂಗಲಾರದೆ ಜೊಲ್ಲು ಸುರಿಸುತ್ತಿದ್ದರೆ, ಬೊಗಳುವ ದನಿ ಬದಲಾಗಿದ್ದರೆ, ಮೂಳೆ ತೆಗೆಯುತ್ತೇನೆಂದು ಬಾಯಿಗೆ ಕೈ ಹಾಕಬೇಡಿ. ಅದು ರೇಬಿಸ್ ಇರಬಹುದು. ಕಚ್ಚಿದರೆ, ಪರಚಿದರೆ, ಕೈಯ ಗಾಯಕ್ಕೆ ಜೊಲ್ಲು ತಗುಲಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಅತಿ ವಿರಳ. ಮರಿಗೆ 3 ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಮುಂದಿನವನ್ನು ವೈದ್ಯರು ಹೇಳಿದಂತೆ ತಪ್ಪದೆ ಕೊಡಿಸಿ.

ಭದ್ರಾವತಿಯವರಿಗೆ ಅಲ್ಲಿಯ ಪಶು ಆಸ್ಪತ್ರೆ ಇದೆ. ಹೆಚ್ಚಿನ ಪರೀಕ್ಷೆಗೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಕೆಮ್ಮು ಯಾವಾಗ ಹೆಚ್ಚು, ಒಣಕೆಮ್ಮೋ ಕಫವಿದೆಯೋ, ಯಾವ ಲಸಿಕೆ ಆಗಿದೆ ಎಂಬುದನ್ನು ವೈದ್ಯರಿಗೆ ತಿಳಿಸಿ. ಹಸುವಿಗೆ ಗರ್ಭಧಾರಣೆ ಮಾಡಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವಂತೆ, ನಾಯಿಗೆ ಕೆಮ್ಮು ಶುರುವಾದ ದಿನವನ್ನೂ ಗುರುತು ಹಾಕಿಡಿ. ಏಳನೆಯ ದಿನ ಬಂದರೆ ಮತ್ತೆ ತಡಮಾಡಬೇಡಿ.