ಶಿಲುಬೆಯ ಹಬ್ಬ: ಒಂದೇ ಅಳತೆಗೋಲು



2008ರ ಸೆಪ್ಟೆಂಬರ್ 14ರಂದು, ಇದೇ ಪವಿತ್ರ ಶಿಲುಬೆಯ ಹಬ್ಬದ ದಿನ, ಮಂಗಳೂರಿನಲ್ಲಿ ನಮ್ಮ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆಯಿತು. ವಿಶ್ವಕೋಶಗಳು ಇದನ್ನು ಮರೆಮಾಚದೆ ಬರೆಯಲಿ ಎಂದು ನಾವು ಬಯಸುತ್ತೇವೆ: ದಿನ, ಸ್ಥಳ, ಹಾನಿ, 2011ರ ಸೋಮಶೇಖರ ಆಯೋಗದ ವರದಿ, ಅದಕ್ಕೆ ಕ್ರೈಸ್ತರ ಆಕ್ಷೇಪ. ಈ ಬಯಕೆ ನ್ಯಾಯವಾದುದೇ.

ಆದರೆ ಅದೇ ವಿಶ್ವಕೋಶದಲ್ಲಿ ಗೋವೆಯ ಇನ್‌ಕ್ವಿಸಿಷನ್ ಪುಟ ಬಂದಾಗ? 1560ರಲ್ಲಿ ಆರಂಭವಾಗಿ 1812ರಲ್ಲಿ ಕೊನೆಗೊಂಡ ಆ ನ್ಯಾಯಪೀಠ ಹಿಂದೂಗಳನ್ನೂ ಹೊಸ ಕ್ರೈಸ್ತರನ್ನೂ ದಂಡಿಸಿತು. ಅದನ್ನು ಬಿಟ್ಟು ನಮ್ಮ ಗಾಯವನ್ನಷ್ಟೇ ಬರೆಸಿದರೆ ಅದು ಸುಳ್ಳುಸಾಕ್ಷಿ. 2000ದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಧರ್ಮಸಭೆಯ ಮಕ್ಕಳ ತಪ್ಪುಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು.

ನಮ್ಮ ನೋವಿಗೂ ನಮ್ಮ ತಪ್ಪಿಗೂ ಒಂದೇ ಅಳತೆಗೋಲು ಹಿಡಿಯುವ ಧೈರ್ಯವನ್ನು ಶಿಲುಬೆಯ ಪ್ರಭು ನಮಗೆ ದಯಪಾಲಿಸಲಿ. ಆಮೆನ್.