ಬಂದವರು ಕಟ್ಟಿದ ಕಲ್ಕತ್ತ



ಕಲ್ಕತ್ತ ಎಂದೊಡನೆ ಬಡತನದ ಮಾತು ಬರುತ್ತದೆ. ಆ ಬಡತನ ಊರಿಗೆ ಹೇಗೆ ಬಂತೆಂದು ಕೇಳುವವರು ಕಡಿಮೆ.

1690ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್ ಹೂಗ್ಲಿ ನದಿಯ ದಡದ ಸುತಾನುಟಿಯಲ್ಲಿ ಬಂದಿಳಿದ. ಪಕ್ಕದ ಕಲಿಕಾತಾ, ಗೋವಿಂದಪುರಗಳೂ ಸೇರಿ ಊರು ಬೆಳೆಯಿತು. 1911ರಲ್ಲಿ ದೆಹಲಿಯ ಹೆಸರು ಘೋಷಣೆಯಾಗುವವರೆಗೂ ಬ್ರಿಟಿಷ್ ಭಾರತದ ರಾಜಧಾನಿ ಇದೇ.

ವ್ಯಾಪಾರಕ್ಕೆ ಬಂದವರು ತಮ್ಮ ದೇವರನ್ನೂ ಕರೆತಂದರು. ಕಾಳಿಘಾಟದ ಕಾಳಿಯ ಊರಲ್ಲಿ ಅರ್ಮೇನಿಯನ್ನರು 1724ರಲ್ಲಿ ಚರ್ಚ್ ಕಟ್ಟಿದರು; ಕಚ್ಛಿ ಮೆಮನ್ನರು ನಾಖೋದಾ ಮಸೀದಿ ಎಬ್ಬಿಸಿದರು; ಬಾಗ್ದಾದಿ ಯೆಹೂದಿಗಳು 1884ರಲ್ಲಿ ಮಾಗೆನ್ ಡೇವಿಡ್ ಪ್ರಾರ್ಥನಾಮಂದಿರ ಕಟ್ಟಿದರು. ಈಗ ಊರಲ್ಲಿ ಯೆಹೂದಿಗಳು ಬೆರಳೆಣಿಕೆಯಷ್ಟು. ಆ ಮಂದಿರವನ್ನು ಗುಡಿಸಿ ಒರೆಸಿ ಕಾಯುತ್ತ ಬಂದವರು ಮುಸ್ಲಿಮರು. 2011ರ ಜನಗಣತಿಯಂತೆ ನೂರಕ್ಕೆ ಸುಮಾರು 76 ಮಂದಿ ಹಿಂದೂಗಳು, ಸುಮಾರು 21 ಮಂದಿ ಮುಸ್ಲಿಮರು. ಆದರೆ 1946ರ ಆಗಸ್ಟ್‌ನ ಹಿಂದೂ-ಮುಸ್ಲಿಂ ಗಲಭೆಯಲ್ಲಿ ಸಾವಿರಾರು ಜನ ಸತ್ತದ್ದೂ ಇದೇ ಬೀದಿಗಳಲ್ಲಿ.

ಇನ್ನು ಬಡತನ. 1943ರ ಬಂಗಾಳದ ಬರಗಾಲದಲ್ಲಿ ಹಳ್ಳಿಯವರು ಹಿಂಡುಹಿಂಡಾಗಿ ಇಲ್ಲಿಗೆ ಬಂದರು. ಅನ್ನ ಕೇಳುವ ಧೈರ್ಯವಿಲ್ಲದೆ, ಅನ್ನ ಬಸಿದ ಗಂಜಿಯನ್ನಾದರೂ ಹಾಕಿ ಎಂದು ಮನೆಮನೆ ಮುಂದೆ ಬೇಡಿದರು. ನಾಲ್ಕು ವರ್ಷಕ್ಕೆ ದೇಶ ಒಡೆಯಿತು. ಸೆಣಬು ಬೆಳೆಯುವ ಹೊಲಗಳಲ್ಲಿ ಹೆಚ್ಚಿನವು ಪೂರ್ವ ಪಾಕಿಸ್ತಾನಕ್ಕೆ ಹೋದವು, ಗಿರಣಿಗಳು ಕಲ್ಕತ್ತದ ಸುತ್ತ ಉಳಿದವು. ಹೊಲ ಮನೆ ಬಿಟ್ಟು ಬಂದ ನಿರಾಶ್ರಿತರಿಗೆ ಸಿಯಾಲ್ದಾ ರೈಲು ನಿಲ್ದಾಣವೇ ಮನೆಯಾಯಿತು.

ಬಂದವರಲ್ಲಿ ಬಹಳ ಜನ ಸೇರಿದ್ದು ಬಸ್ತಿಗಳಿಗೆ. ಬಸ್ತಿಯೆಂದರೆ ಸಿಕ್ಕಲ್ಲಿ ಹಾಕಿದ ಗುಡಿಸಲೆಂದು ನಾವು ತಿಳಿಯುತ್ತೇವೆ. ಅಲ್ಲಿನ ಲೆಕ್ಕ ಬೇರೆಯಿತ್ತು. ಜಾಗ ಒಬ್ಬ ಜಮೀನುದಾರನದಾಗಿತ್ತು. ಅದನ್ನು ಬಾಡಿಗೆಗೆ ಹಿಡಿದು ಗುಡಿಸಲು ಕಟ್ಟಿಸುತ್ತಿದ್ದವನು ಠೀಕಾದಾರ. ಅದರ ಒಂದು ಕೋಣೆಗೆ ತಿಂಗಳು ತಿಂಗಳು ಬಾಡಿಗೆ ತೆತ್ತು ಇಡೀ ಸಂಸಾರ ಸಾಗಿಸುತ್ತಿದ್ದವನು ಮೂರನೆಯವನು. ನೆಲ ತನ್ನದಲ್ಲವೆಂದು ಠೀಕಾದಾರ ಗಟ್ಟಿ ಗೋಡೆ ಎಬ್ಬಿಸಲಿಲ್ಲ. ಮನೆ ತನ್ನದಲ್ಲವೆಂದು ಬಾಡಿಗೆಯವನು ರಿಪೇರಿಗೆ ಕೈಹಾಕಲಿಲ್ಲ. 1981ರ ಕಾನೂನು ಅಂಥ ಜಾಗಗಳನ್ನು ಸರ್ಕಾರದ ವಶಕ್ಕೆ ತಂದಿತು. ಆದರೆ ಕೋಣೆಯವನು ಬಾಡಿಗೆದಾರನಾಗಿಯೇ ಉಳಿದ.

2011ರಲ್ಲೂ ಊರಿನ ಸುಮಾರು 45 ಲಕ್ಷ ಜನರಲ್ಲಿ 14 ಲಕ್ಷ ಮಂದಿ ಕೊಳೆಗೇರಿಗಳಲ್ಲಿದ್ದರು. ಬಡತನ ಹಣೆಬರಹ ಎನ್ನುವವರು ಈ ಬಾಡಿಗೆಯ ಲೆಕ್ಕವನ್ನು ಒಮ್ಮೆ ನೋಡಬೇಕು.